ಶಾಲೆಯ ಎದುರಿನ ಮನೆ

ಸಣ್ಣ ಊರುಗಳಲ್ಲಿ ಕನ್ನಡ ಅಧ್ಯಾಪಕನಿಗೆ ತರಗತಿಯ ಹೊರಗೂ ಒಂದು ಉದ್ಯೋಗವಿರುತ್ತದೆ. ಮದುವೆಯ ಆಹ್ವಾನ ಪತ್ರಿಕೆ, ನಿವೃತ್ತರಾಗುವ ಮೇಷ್ಟರಿಗೆ ಅರ್ಪಿಸುವ ಬಿನ್ನವತ್ತಳೆ, ತೇರಿನ ಕರಪತ್ರ, ಕೊನೆಗೆ ವೈಕುಂಠ ಸಮಾರಾಧನೆಯ ಕಾರ್ಡು, ಇವೆಲ್ಲವೂ ಅವನ ಮೇಜಿನ ಮೇಲೆ ಒಮ್ಮೆ ಹಾದುಹೋಗಲೇಬೇಕು. ಸಂಬಳವಿಲ್ಲದ ಈ ಉದ್ಯೋಗದಲ್ಲಿ ನನಗೆ ಹದಿನೆಂಟು ವರ್ಷಗಳ ಸೇವೆಯಾಗಿದೆ. ಅಧಿಕಾರಿಗಳಿಗೆ ಬರೆಯುವ ಮನವಿಪತ್ರಗಳಂತೂ ನನ್ನ ಪಾಲಿಗೆ ಮೀಸಲು. ನಲ್ಲಿಯಲ್ಲಿ ನೀರು ಬರಲಿಲ್ಲವೆಂದೂ, ಬಸ್ಸು ನಿಲ್ಲಿಸಲಿಲ್ಲವೆಂದೂ, ಸ್ಮಶಾನಕ್ಕೆ ದಾರಿಯಿಲ್ಲವೆಂದೂ ನಾನು ಬರೆದುಕೊಟ್ಟ ಮನವಿಗಳನ್ನು ಒಟ್ಟುಗೂಡಿಸಿದರೆ ಒಂದು ಸಣ್ಣ ಗ್ರಂಥವೇ ಆದೀತು. ಆ ಗ್ರಂಥದಿಂದ ಒಂದು ಪುಟವನ್ನು ಹಿಂದಕ್ಕೆ ಪಡೆಯುವಂತಿದ್ದರೆ ಎಂದು ಈಚೆಗೆ ಅನ್ನಿಸುತ್ತಿದೆ. ಆ ಪುಟದ ವೃತ್ತಾಂತವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ನಮ್ಮೂರ ಹೈಸ್ಕೂಲಿನ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ, ಒಂದು ಹಳೆಯ ಹೆಂಚಿನ ಮನೆ ಇದೆ. ಯಜಮಾನರು ತೀರಿಕೊಂಡು ಮಕ್ಕಳು ಬೆಂಗಳೂರು ಸೇರಿದ ಮೇಲೆ ಅದರ ಬಾಗಿಲಿಗೆ ಏಳೆಂಟು ವರ್ಷ ಬೀಗ ಬಿದ್ದಿತ್ತು. ಹೋದ ವರ್ಷದ ಆಷಾಢದಲ್ಲಿ ಆ ಮನೆಗೆ ಸುಣ್ಣ ಬಳಿಯುವುದು ಕಂಡಿತು. ಎರಡು ದಿನಗಳಲ್ಲಿ ಸುದ್ದಿ ಊರೆಲ್ಲ ಹಬ್ಬಿತು: ಕುಡಿತದ ಚಟ ಬಿಡಿಸುವ ಚಿಕಿತ್ಸೆ ಮತ್ತು ಪುನರ್ವಸತಿ ಕೇಂದ್ರವೊಂದು ಅಲ್ಲಿ ಬರಲಿದೆ, ಹದಿನೈದು ಹಾಸಿಗೆಗಳು, ವಾರಕ್ಕೆ ಎರಡು ದಿನ ಮನೋವೈದ್ಯರು ಬರುತ್ತಾರೆ, ಹಗಲಿರುಳೂ ಶುಶ್ರೂಷಕರಿರುತ್ತಾರೆ. ಸುದ್ದಿಯ ಈ ಭಾಗ ನಿಜವಾಗಿತ್ತು. ಹದಿನೈದು ನಾಲ್ಕು ದಿನಗಳಲ್ಲಿ ಐವತ್ತಾಯಿತು, ವಾರದಲ್ಲಿ ನೂರಾಯಿತು; ಕುಡುಕರ ಜೊತೆಗೆ ಗಾಂಜಾ ಸೇದುವವರೂ, ಸೆರೆಮನೆಯಿಂದ ಬಿಡುಗಡೆಯಾದವರೂ ಬಂದು ಸೇರಿದರು. ಈ ಭಾಗವನ್ನು ಸೇರಿಸಿದವರು ನಾವು.

ಒಂದು ಭಾನುವಾರ ಶಾಲೆಯ ಪಡಸಾಲೆಯಲ್ಲಿ ಪೋಷಕರ ಸಭೆ ಸೇರಿತು. ನಾನೂ ಪೋಷಕನೇ, ನನ್ನ ಮಗಳು ಅಲ್ಲಿ ಎಂಟನೆಯ ತರಗತಿಯಲ್ಲಿ ಓದುತ್ತಿದ್ದಳು. ಸಭೆಯಲ್ಲಿ ಕೇಳಿಬಂದ ಮಾತುಗಳೆಲ್ಲ ಮೂರ್ಖತನದವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಸಂಜೆ ವಿಶೇಷ ತರಗತಿ ಮುಗಿಸಿ ಕತ್ತಲಲ್ಲಿ ಬರುವ ಹೆಣ್ಣುಮಕ್ಕಳ ತಾಯಂದಿರು ಅಲ್ಲಿದ್ದರು. ಚಿಕಿತ್ಸೆಯ ಹೆಸರಿನಲ್ಲಿ ರೋಗಿಗಳನ್ನು ಕೂಡಿಹಾಕಿ ಹೊಡೆಯುವ ಕಡೆಗಳೂ ಉಂಟೆಂದು ಒಬ್ಬರು ಎದ್ದು ನಿಂತು ಹೇಳಿದರು. ಅವರ ಭಾವನನ್ನು ಸೇರಿಸಿದ್ದ ಕಡೆ ಹಾಗೆ ನಡೆದಿತ್ತು, ಅವರ ದನಿ ನಡುಗುತ್ತಿತ್ತು. ಇಂಥ ಭಯಗಳಿಗೆ ಉತ್ತರ ಕೊಡಬೇಕಾದವರು ಯಾರೂ ಸಭೆಯಲ್ಲಿರಲಿಲ್ಲ, ಅವರನ್ನು ನಾವು ಕರೆದೇ ಇರಲಿಲ್ಲ. ಕಡೆಗೆ ಪುರಸಭೆಗೆ ಒಂದು ಮನವಿ ಕೊಡುವುದೆಂದಾಯಿತು. ಎಲ್ಲರೂ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನಿಮ್ಮ ಕೈಯಲ್ಲಿ ಒಂದು ಚೆನ್ನಾಗಿ ಬರೆದುಬಿಡಿ" ಎಂದರು.

ಚೆನ್ನಾಗಿಯೇ ಬರೆದೆ. ಶಾರದೆಯ ಅಂಗಳದ ಎದುರಿನಲ್ಲಿ ವ್ಯಸನದ ಬಾಗಿಲು ತೆರೆಯುವುದು ಬೇಡ, ಅರಳುವ ಮೊಗ್ಗುಗಳ ಮೇಲೆ ಕೊಳೆತ ಎಲೆಗಳ ನೆರಳು ಬೀಳುವುದು ಬೇಡ ಎಂಬ ಎರಡು ವಾಕ್ಯಗಳು ಅದರ ಕಿರೀಟಪ್ರಾಯವಾಗಿದ್ದವು. ಓದಿದಾಗ ಚಪ್ಪಾಳೆ ಬಿತ್ತು. ನಾನೂರು ಚಿಲ್ಲರೆ ಸಹಿಗಳಾದವು. ಮೊದಲನೆಯ ಸಹಿ ನನ್ನದು.

ಆ ವಾರ ನಾನು ಬಿ.ಎ. ತರಗತಿಯಲ್ಲಿ ಜಿ. ಪಿ. ರಾಜರತ್ನಂ ಅವರ 'ರತ್ನನ ಪದಗಳು' ಕುರಿತು ಪಾಠ ಮಾಡುತ್ತಿದ್ದೆ. ವಿದ್ಯಾರ್ಥಿಗಳಿಗೆ ಹೇಳಲೇಬೇಕಾದ ಒಂದು ಸ್ವಾರಸ್ಯ ಆ ಕವಿಯ ವಿಷಯದಲ್ಲಿದೆ. ನಮ್ಮ ಮಕ್ಕಳು ಬಾಯಿಪಾಠ ಹೇಳುವ ತುತ್ತೂರಿಯ ಪದ್ಯವನ್ನು ಬರೆದವರು ಅವರೇ, ಹೆಂಡಗುಡುಕ ರತ್ನನ ಬಾಯಲ್ಲಿ ಪದ ಹಾಡಿಸಿದವರೂ ಅವರೇ. ಸಾಲದ್ದಕ್ಕೆ ಅವರು ಕನ್ನಡ ಅಧ್ಯಾಪಕರು. ಶಿಶುವಿಹಾರಕ್ಕೂ ಹೆಂಡದಂಗಡಿಗೂ ನಡುವೆ ಅವರ ಕಾವ್ಯ ಗೋಡೆ ಕಟ್ಟಲಿಲ್ಲ. ರತ್ನ ಕುಡುಕ; ಆದರೆ ಅವನಿಗೆ ಹೆಂಡತಿಯ ಮೇಲೆ ಪ್ರೀತಿಯಿದೆ, ಕನ್ನಡದ ಮೇಲೆ ಅಭಿಮಾನವಿದೆ, ತನ್ನ ಪಾಡಿನ ಅರಿವೂ ಇದೆ. ಅವನು ಮನುಷ್ಯನೆಂಬುದನ್ನು ಕವಿ ಒಂದು ಗಳಿಗೆಯೂ ಮರೆಯಲಿಲ್ಲ, ನಮಗೂ ಮರೆಯಗೊಡಲಿಲ್ಲ. ಹೀಗೆಲ್ಲ ನಾನು ಉತ್ಸಾಹದಿಂದ ವಿವರಿಸುತ್ತಿದ್ದೆ. ತರಗತಿ ನಗುತ್ತಿತ್ತು. ಮೂರನೆಯ ಸಾಲಿನ ಹುಡುಗಿಯೊಬ್ಬಳು ಮಾತ್ರ ನಗುತ್ತಿರಲಿಲ್ಲ.

ಗಂಟೆ ಹೊಡೆದ ಮೇಲೆ ಆಕೆ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು.

"ಸಾರ್, ಹೈಸ್ಕೂಲಿನ ಎದುರು ಆಸ್ಪತ್ರೆ ಬೇಡ ಅಂತ ಬರೆದಿದ್ದಾರಲ್ಲ, ಆ ಕಾಗದ ನೀವು ಬರೆದದ್ದಾ?"

"ಯಾರು ಹೇಳಿದರಮ್ಮ?"

"ಯಾರೂ ಹೇಳಲಿಲ್ಲ ಸಾರ್. ಸಹಿಗೆ ಅಂತ ನಮ್ಮ ಮನೆಗೂ ತಂದಿದ್ದರು. ಓದುವಾಗ ನಿಮ್ಮ ಕನ್ನಡದ ಹಾಗೆ ಇತ್ತು."

ಅಧ್ಯಾಪಕನೊಬ್ಬನಿಗೆ ಇದಕ್ಕಿಂತ ದೊಡ್ಡ ಪ್ರಶಂಸೆ ಬೇರೆ ಸಿಗಲಾರದು. ಇದಕ್ಕಿಂತ ತೀಕ್ಷ್ಣವಾದ ಶಿಕ್ಷೆಯೂ ಸಿಗಲಾರದು. ಆಕೆ ತಲೆ ತಗ್ಗಿಸಿ, ಒಂದೊಂದೇ ಮಾತಾಗಿ ಹೇಳಿದಳು. ಅವಳ ತಂದೆ ಗಾರೆ ಕೆಲಸದವರು. ಹಿಂದೊಮ್ಮೆ ದೂರದ ನಗರಕ್ಕೆ ಕರೆದೊಯ್ದು ಸೇರಿಸಿದ್ದರು. ತಾಯಿ ಅಷ್ಟು ದೂರ ಎರಡು ಸಲ ಮಾತ್ರ ಹೋಗಿಬರಲು ಸಾಧ್ಯವಾಯಿತು. ಬಿಡಿಸಿಕೊಂಡು ಬಂದ ಮೇಲೆ ಮತ್ತೆ ಮತ್ತೆ ಹೋಗಿ ವೈದ್ಯರಿಗೆ ತೋರಿಸಬೇಕಾಗಿತ್ತು. ಬಸ್ಸಿನ ಖರ್ಚೂ ಆ ದಿನದ ಕೂಲಿಯೂ ಹೋಗುತ್ತದೆಂದು ಬಿಟ್ಟರು. ಮೂರನೆಯ ತಿಂಗಳಲ್ಲಿ ಮತ್ತೆ ಶುರುವಾಯಿತು. ಈಗ ಊರಲ್ಲೇ ಆಗುತ್ತದೆಂದು ಕೇಳಿ, ತಾವಾಗಿಯೇ "ಸೇರುತ್ತೇನೆ" ಅಂದಿದ್ದಾರೆ.

"ಅಪ್ಪ ಓದಿದ್ದೂ ಅದೇ ಸ್ಕೂಲಿನಲ್ಲಿ ಸಾರ್. ಕೊಳೆತ ಎಲೆ ಅಂತ ಇದ್ದದ್ದನ್ನ ಅಪ್ಪನೂ ಓದಿದರು."

ನಾನು ಏನು ಹೇಳಿದೆನೋ ನೆನಪಿಲ್ಲ. ಹೇಳಿದ್ದರೂ ಅದಕ್ಕೆ ಅರ್ಥವಿದ್ದಿರಲಾರದು.

ಆ ರಾತ್ರಿ ನಿಘಂಟು ತೆರೆದು ಕುಳಿತೆ. ಕಷ್ಟ ಬಂದಾಗ ನನ್ನಂಥವರು ಹೋಗುವ ಜಾಗ ಅದೇ. 'ವ್ಯಸನ' ಎಂಬುದಕ್ಕೆ ನಮ್ಮ ಪ್ರಾಚೀನರು ಎರಡು ಅರ್ಥಗಳನ್ನು ಕೊಟ್ಟಿದ್ದಾರೆ: ಒಂದು ದುಶ್ಚಟ, ಇನ್ನೊಂದು ಆಪತ್ತು, ದುಃಖ. ಕೌಟಿಲ್ಯ ತನ್ನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣವನ್ನು ವ್ಯಸನಗಳಿಗೇ ಮೀಸಲಿಟ್ಟ. ರಾಜ್ಯಕ್ಕೆ ಬರುವ ವಿಪತ್ತುಗಳೂ, ಜೂಜು ಕುಡಿತ ಮೊದಲಾದ ಚಟಗಳೂ ಅಲ್ಲಿ ಒಂದೇ ಹೆಸರಿನಡಿ ಬರುತ್ತವೆ. ಜೈನ ಗ್ರಂಥಗಳು ಸಪ್ತವ್ಯಸನಗಳನ್ನು ಎಣಿಸಿದವು. ಕನ್ನಡಿಗರಾದರೋ ಸತ್ತವರಿಗಾಗಿ ಅಳುವುದನ್ನೂ ವ್ಯಸನಪಡುವುದು ಎಂದೇ ಕರೆದರು. ಯಾವುದನ್ನು ನಾವು ಅವನ ತಪ್ಪೆಂದು ಹೇಳುತ್ತೇವೆಯೋ ಅದನ್ನೇ ಅವನ ದುಃಖವೆಂದೂ ಭಾಷೆ ಹೇಳುತ್ತಿತ್ತು. ನಾನು ಮನವಿಯಲ್ಲಿ ಒಂದು ಅರ್ಥವನ್ನು ಮಾತ್ರ ಉಪಯೋಗಿಸಿಕೊಂಡಿದ್ದೆ. ಹೆಂಡ ಮಾರುವ ಕಾಯಕದ ಮಾರಯ್ಯನನ್ನೂ ಶರಣರ ಸಾಲಿನಲ್ಲಿ ಕೂರಿಸಿಕೊಂಡು, ಅವನು ಬರೆದ ವಚನಗಳನ್ನು ಜೋಪಾನವಾಗಿಟ್ಟ ನಾಡು ಇದು. ಇದನ್ನೂ ನಾನು ಪ್ರತಿ ವರ್ಷ ಪಾಠದಲ್ಲಿ ಹೇಳುತ್ತೇನೆ.

ಮರುದಿನ ಒಬ್ಬ ವಕೀಲ ಮಿತ್ರರ ಮನೆಗೆ ಹೋಗಿ ನನ್ನ ತಳಮಳವನ್ನು ತೋಡಿಕೊಂಡೆ. ಅವರು ನಕ್ಕು, "ನಿಮ್ಮ ಮನವಿಯನ್ನು ಅಮೆರಿಕದಲ್ಲಿ ನಲವತ್ತು ವರ್ಷಗಳ ಹಿಂದೆಯೇ ಬರೆದಾಗಿದೆ" ಎಂದು ಒಂದು ತೀರ್ಪನ್ನು ಓದಲು ಕೊಟ್ಟರು. ಅದರ ಸಂಗತಿ ಹೀಗಿದೆ.

ಟೆಕ್ಸಾಸ್ ಸಂಸ್ಥಾನದಲ್ಲಿ ಕ್ಲೀಬರ್ನ್ ಎಂಬುದೊಂದು ಪಟ್ಟಣ. 1980ರ ಜುಲೈಯಲ್ಲಿ ಅಲ್ಲಿ ಒಬ್ಬ ಮಹಿಳೆ ಒಂದು ಮನೆಯನ್ನು ಕೊಂಡರು. ನಾಲ್ಕು ಮಲಗುವ ಕೋಣೆಗಳ ಆ ಮನೆಯಲ್ಲಿ ಬೌದ್ಧಿಕ ಬೆಳವಣಿಗೆ ಕುಂಠಿತವಾದ ಹದಿಮೂರು ಮಂದಿ ಗಂಡಸರು ಹೆಂಗಸರು, ಸದಾ ಮೇಲ್ವಿಚಾರಕರ ನಿಗಾದಲ್ಲಿ, ಒಂದು ಸಂಸಾರದ ಹಾಗೆ ಇರಬೇಕೆಂಬುದು ಉದ್ದೇಶ. ಆ ಪಟ್ಟಣದ ಕಾನೂನಿನ ಪ್ರಕಾರ ಹುಚ್ಚರು, ಮಂದಬುದ್ಧಿಯವರು, ಕುಡುಕರು, ಮಾದಕವ್ಯಸನಿಗಳು ಇವರ ಆಸ್ಪತ್ರೆಗಳಿಗೂ ಸೆರೆಮನೆಗಳಿಗೂ ವಿಶೇಷ ಅನುಮತಿ ಬೇಕಾಗಿತ್ತು. ಇವರೆಲ್ಲರಿಗೂ ಒಂದೇ ವಾಕ್ಯದಲ್ಲಿ ಜಾಗ ಮಾಡಿಕೊಡಲಾಗಿತ್ತು. ಇನ್ನೂರು ಅಡಿಯೊಳಗಿನ ಆಸ್ತಿವಂತರ ಸಹಿಯೂ ಬೇಕಿತ್ತು. ಪಟ್ಟಣದ ಕೌನ್ಸಿಲು ಒಂದಕ್ಕೆ ಮೂರು ಮತಗಳಿಂದ ಅನುಮತಿ ನಿರಾಕರಿಸಿತು.

ನಿರಾಕರಣೆಗೆ ಅವರು ಕೊಟ್ಟ ಕಾರಣಗಳನ್ನು ಓದುತ್ತ ನನಗೆ ಬೆವರು ಬಂತು. ನೆರೆಯವರಿಗೆ ಇಷ್ಟವಿಲ್ಲ, ಆ ಬೀದಿಯ ವೃದ್ಧರಿಗೆ ಭಯ, ಮನೆ ಶಾಲೆಯ ಎದುರಿಗಿದೆ, ಒಂದು ಮನೆಯಲ್ಲಿ ಅಷ್ಟು ಜನ ಹೆಚ್ಚಾಯಿತು, ಐನೂರು ವರ್ಷಕ್ಕೊಮ್ಮೆ ಪ್ರವಾಹ ಬರಬಹುದಾದ ಬಯಲಿನಲ್ಲಿ ಆ ಮನೆ ಇದೆ. ಕಡೆಯ ಕಾರಣವನ್ನು ಓದುವಾಗ ಕನ್ನಡದ ಒಂದು ಮಾತು ನೆನಪಾಯಿತು. ನಮ್ಮಲ್ಲಿ 'ನೆರೆ' ಎಂದರೆ ಪಕ್ಕದ ಮನೆ. 'ನೆರೆ' ಎಂದರೆ ಉಕ್ಕಿ ಬರುವ ಹೊಳೆ. ಕ್ಲೀಬರ್ನಿನವರು ಎರಡು ಬಗೆಯ ನೆರೆಗೂ ಅಂಜಿದ್ದರು. ಶಾಲೆಯ ವಿಚಾರದಲ್ಲಿ ಅವರ ವಾದ ನಮ್ಮದಕ್ಕಿಂತ ವಿಚಿತ್ರವಾಗಿತ್ತು. ಮನೆಯವರಿಂದ ಮಕ್ಕಳಿಗೆ ತೊಂದರೆಯೆಂದು ಅವರು ಹೇಳಲಿಲ್ಲ. ಶಾಲೆಯ ಮಕ್ಕಳೇ ಆ ಮನೆಯವರನ್ನು ಕಾಡಿಸಿಯಾರು ಎಂದರು.

ವ್ಯಾಜ್ಯ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1985ರ ಜುಲೈ 1ರಂದು ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ಅವರು ಕಾರಣಗಳನ್ನು ಒಂದೊಂದಾಗಿ ತೂಗಿದರು. ಅದೇ ಜಾಗದಲ್ಲಿ ವಿದ್ಯಾರ್ಥಿಗಳ ವಸತಿಗೃಹವನ್ನೋ, ವೃದ್ಧರ ಶುಶ್ರೂಷಾಲಯವನ್ನೋ ಅನುಮತಿಯಿಲ್ಲದೆ ತೆರೆಯಬಹುದಾಗಿತ್ತು. ಹಾಗಿದ್ದರೆ ಪ್ರವಾಹ ಇವರನ್ನು ಮಾತ್ರ ಹುಡುಕಿಕೊಂಡು ಬರುತ್ತದೆಯೇ? ಶಾಲೆಯ ವಿಷಯದಲ್ಲಿ ಅವರು ತೋರಿಸಿಕೊಟ್ಟದ್ದು ಒಂದು ಸಣ್ಣ ಸಂಗತಿ: ಬೌದ್ಧಿಕವಾಗಿ ಹಿಂದುಳಿದ ಸುಮಾರು ಮೂವತ್ತು ಮಕ್ಕಳು ಆ ಶಾಲೆಯಲ್ಲೇ ಓದುತ್ತಿದ್ದರು. ಯಾರನ್ನು ರಸ್ತೆಯ ಆಚೆಗೆ ತಡೆಯಬೇಕೆಂದು ಊರು ಹೋರಾಡಿತ್ತೋ ಅಂಥವರು ರಸ್ತೆಯ ಈಚೆಗೆ ಆಗಲೇ ಬೆಂಚಿನ ಮೇಲೆ ಕುಳಿತಿದ್ದರು. ಆಧಾರವಿಲ್ಲದ ಭಯವನ್ನೂ ಬರಿಯ ಅಪ್ರಿಯವನ್ನೂ ಕಾನೂನಿನ ಕಾರಣವೆಂದು ಒಪ್ಪಲಾಗದೆಂದು ನ್ಯಾಯಾಲಯ ಹೇಳಿತು. ಆ ಮನೆಗೆ ಅನುಮತಿ ನಿರಾಕರಿಸಿದ್ದು ಅಸಿಂಧುವಾಯಿತು.

ಪರದೇಶದ ತೀರ್ಪು ನಮ್ಮ ಪುರಸಭೆಯನ್ನು ಕಟ್ಟಿಹಾಕುವುದಿಲ್ಲ. ಅಲ್ಲಿಯ ಹದಿಮೂರು ಮಂದಿಯ ಸ್ಥಿತಿ ಬೇರೆ, ಇಲ್ಲಿಯ ಹದಿನೈದು ಹಾಸಿಗೆಗಳ ಸ್ಥಿತಿ ಬೇರೆ. ಆದರೂ "ಅಪ್ಪ ಓದಿದ್ದೂ ಅದೇ ಸ್ಕೂಲಿನಲ್ಲಿ" ಎಂಬ ಮಾತು ಆ ತೀರ್ಪಿನ ಪಕ್ಕದಲ್ಲಿ ಬಂದು ನಿಂತುಕೊಂಡಿತು. ಹೊರಗಿನವರನ್ನು ಊರಿನೊಳಗೆ ತರುತ್ತಾರೆಂದು ನಾವು ಕೂಗಿದ್ದೆವು. ಬರಬೇಕಾದವರು ಯಾರೂ ಹೊರಗಿನವರಲ್ಲ; ನಮ್ಮ ಮನೆಗಳನ್ನು ಕಟ್ಟಿದವರು, ನಮ್ಮ ಸಹಪಾಠಿಗಳು.

ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಮೂಕವಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ ಮತ್ತು ಮಾದಕ ದ್ರವ್ಯಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಅಸ್ವಾಸ್ಥ್ಯದ ವ್ಯಾಖ್ಯೆಯೊಳಗೆ ಸೇರಿಸಿದೆ. ಅಸ್ವಸ್ಥನಾದವನಿಗೆ ಸಮಾಜದ ನಡುವೆಯೇ ಬದುಕುವ ಹಕ್ಕಿದೆ, ಅವನನ್ನು ಬೇರ್ಪಡಿಸಬಾರದು ಎನ್ನುತ್ತದೆ. ಅದೇ ಕಾಯಿದೆ ಇಂಥ ಸಂಸ್ಥೆಗಳು ನೋಂದಣಿಯಾಗಿರಬೇಕೆಂದು ವಿಧಿಸುತ್ತದೆ. ರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದನ್ನು ನಿಷೇಧಿಸುತ್ತದೆ. ಸಭೆಯಲ್ಲಿ ದನಿ ನಡುಗಿದ ಆ ಪೋಷಕರಿಗೆ ಉತ್ತರವಿದ್ದದ್ದು ಇಲ್ಲಿ. ಕೇಂದ್ರ ಬೇಡವೆನ್ನುವ ಬದಲು, ನೋಂದಣಿ ತೋರಿಸಿ, ವೈದ್ಯರು ಯಾರು ಹೇಳಿ, ತಪಾಸಣೆಗೆ ಬಾಗಿಲು ತೆರೆದಿಡಿ ಎಂದು ನಾವು ಕೇಳಬಹುದಾಗಿತ್ತು.

ಇನ್ನು ದೂರದ ಮಾತು. ಕರ್ನಾಟಕದ 1967ರ ಅಬಕಾರಿ ನಿಯಮಗಳು ಶಾಲೆಯಿಂದ ನೂರು ಮೀಟರಿನೊಳಗೆ ಮದ್ಯದಂಗಡಿಯನ್ನು ಬೇಡವೆನ್ನುತ್ತವೆ. 2003ರ ಕೇಂದ್ರ ಕಾಯಿದೆ ವಿದ್ಯಾಸಂಸ್ಥೆಯಿಂದ ನೂರು ಗಜದೊಳಗೆ ಬೀಡಿ ಸಿಗರೇಟು ಮಾರಬಾರದೆನ್ನುತ್ತದೆ. ಒಂದು ಸಂಜೆ ನಾನು ಶಾಲೆಯ ಗೇಟಿನಿಂದ ಹೆಜ್ಜೆಯಿಡುತ್ತ ಹೋದೆ. ಮದ್ಯದಂಗಡಿ ಕಾನೂನಿನ ಗೆರೆಯ ಆಚೆಗೆ, ಬಸ್‌ನಿಲ್ದಾಣದ ತಿರುವಿನಲ್ಲಿದೆ. ಅರ್ಧ ಶಾಲೆ ಅದರ ಮುಂದೆ ಹಾದು ಮನೆಗೆ ಹೋಗುತ್ತದೆ. ಹನ್ನೆರಡು ವರ್ಷಗಳಿಂದ ಅದು ಅಲ್ಲಿದೆ. ಅದರ ವಿರುದ್ಧ ನಾನು ಯಾವ ಮನವಿಯನ್ನೂ ಬರೆದವನಲ್ಲ, ಬರೆದುಕೊಡೆಂದು ಯಾರೂ ನನ್ನ ಮನೆಗೆ ಬಂದವರಲ್ಲ. ವಿಷಕ್ಕೆ ನಾವು ನೂರು ಮೀಟರು ಅಳೆದುಕೊಟ್ಟೆವು. ಔಷಧಕ್ಕೆ ಊರಾಚೆ ಹೋಗೆಂದೆವು.

ಔಷಧ ಎಷ್ಟು ದುರ್ಲಭವೆಂಬುದಕ್ಕೆ ಲೆಕ್ಕವಿದೆ. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್‌ನವರು ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅದರಿಂದ ತೊಂದರೆಗೊಳಗಾಗಿ ನೆರವು ಬೇಕಾದವರು 5 ಕೋಟಿಗೂ ಹೆಚ್ಚು. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಉಳಿದು ಪಡೆಯುವ ಚಿಕಿತ್ಸೆ ದೊರೆತದ್ದು 180 ಮಂದಿಯಲ್ಲಿ ಒಬ್ಬನಿಗೆ. ನಮ್ಮ ಹುಡುಗಿಯ ತಂದೆ ಒಮ್ಮೆ ಆ ಒಬ್ಬನಾಗಿದ್ದರು. ಎರಡನೆಯ ಸಲ ಆಗಲು ಹೊರಟಾಗ ನನ್ನ ಮನವಿ ಅಡ್ಡ ಬಂತು.

ಊರಿನ ನಡುವೆ ಚಿಕಿತ್ಸೆ ನಡೆಯಬಾರದೆಂಬ ನಿಯಮ ನಮ್ಮ ನಾಡಿನದಲ್ಲ. ನಾನು ಓದಿದ ಧಾರವಾಡವನ್ನೇ ನೋಡಿ. ವಿದ್ಯಾಕಾಶಿಯೆಂದು ಹೆಸರಾದ ಆ ಊರಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಮಾನಸಿಕ ಆಸ್ಪತ್ರೆಯಿದೆ. ಶಾಲೆಗಳೂ ಕಾಲೇಜುಗಳೂ ಅದರ ಸುತ್ತಮುತ್ತ ಬೆಳೆದವು. ಅದರಿಂದ ಯಾರ ವಿದ್ಯೆಗೂ ಕುಂದು ಬಂದದ್ದನ್ನು ನಾನು ಕಾಣೆ. ಮದರಾಸಿನಲ್ಲಿ 1980ರಲ್ಲಿ ಶಾಂತಿ ರಂಗನಾಥನ್ ಅವರು ಕುಡಿತದಿಂದ ತೀರಿಕೊಂಡ ತಮ್ಮ ಪತಿಯ ಹೆಸರಿನಲ್ಲಿ ಚಿಕಿತ್ಸಾ ಸಂಸ್ಥೆಯನ್ನು ತೆರೆದರು. ಮುಂದೆ ಆ ಸಂಸ್ಥೆ ಹಳ್ಳಿಗಳಿಗೇ ಹೋಗಿ ಶಿಬಿರಗಳನ್ನು ನಡೆಸಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ನಮ್ಮ ಜಿಲ್ಲೆಗಳಿಗೆ ಹೊಸವಲ್ಲ. ಊರಿನ ಕಲ್ಯಾಣಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ ಶಿಬಿರ ನಡೆಯುತ್ತದೆ, ಊರವರೇ ಸಮಿತಿ ಕಟ್ಟುತ್ತಾರೆ, ಮನೆಯವರು ಬಂದು ಕಾಣುತ್ತಾರೆ; ಬಿಟ್ಟವರದೇ ನವಜೀವನ ಸಮಿತಿ ಮುಂದೆ ಒಬ್ಬರನ್ನೊಬ್ಬರು ಕಾಯುತ್ತದೆ. ಮದ್ಯ ಬಿಡುವುದು ಮೊದಲ ವಾರದ ಕೆಲಸ, ಬಿಟ್ಟು ಬಾಳುವುದು ಉಳಿದ ಆಯುಷ್ಯದ ಕೆಲಸ. ಈ ಎರಡನೆಯ ಕೆಲಸವನ್ನು ಊರಾಚೆ ಮಾಡಲಾಗುವುದಿಲ್ಲ. 'ಪುನರ್ವಸತಿ' ಎಂಬ ಸಂಸ್ಕೃತ ಪದದಲ್ಲಿರುವುದು ವಾಸಿಸುವುದೆಂಬ ಧಾತು. ಮತ್ತೆ ವಾಸಿಸಬೇಕಾದದ್ದು ತಾನಿದ್ದ ಊರಿನಲ್ಲಿ ತಾನೆ?

ಇಷ್ಟನ್ನು ತಿಳಿದುಕೊಳ್ಳಲು ನನಗೆ ಮೂರು ವಾರ ಹಿಡಿಯಿತು. ನಾಲ್ಕನೆಯ ವಾರ ಎರಡನೆಯ ಮನವಿ ಬರೆದೆ. ಅದರಲ್ಲಿ ಮೊಗ್ಗು ಎಲೆಗಳಿರಲಿಲ್ಲ. ಕೇಂದ್ರಕ್ಕೆ ಅನುಮತಿ ಕೊಡಿ, ನೋಂದಣಿ ಪತ್ರವನ್ನು ಗೋಡೆಗೆ ತೂಗುಹಾಕಲಿ, ಬಾಗಿಲು ಹಿಂಬದಿಯ ಬೀದಿಗೆ ಇರಲಿ, ಶಾಲೆ ಕೂಡುವ ಬಿಡುವ ಹೊತ್ತಿನಲ್ಲಿ ಸಂದರ್ಶಕರು ಬರದಿರಲಿ, ಪೋಷಕರಿಬ್ಬರು ತಿಂಗಳಿಗೊಮ್ಮೆ ಒಳಹೊಕ್ಕು ನೋಡಲಿ, ಇಷ್ಟೇ. ಮೊದಲ ಮನವಿಯಿಂದ ನನ್ನ ಸಹಿಯನ್ನು ಹಿಂದಕ್ಕೆ ಪಡೆಯುವೆನೆಂದೂ ಬರೆದೆ. ಪೋಷಕರ ಸಭೆಯಲ್ಲಿ ಓದಿದಾಗ ಚಪ್ಪಾಳೆ ಬೀಳಲಿಲ್ಲ. "ನಿಮ್ಮ ಮಗಳೂ ಇಲ್ಲೇ ಓದುತ್ತಾಳೆ ಮೇಷ್ಟ್ರೇ, ನೆನಪಿರಲಿ" ಎಂದು ಒಬ್ಬರು ಹೇಳಿದರು. ನೆನಪಿತ್ತು. ಭಯ ನನಗೂ ಪೂರ್ತಿ ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಭಯವಿದ್ದೂ ಬಾಗಿಲು ತೆರೆಯಬಹುದೆಂದು ಮಾತ್ರ ತಿಳಿದುಕೊಂಡಿದ್ದೆ. ಹನ್ನೊಂದು ಮಂದಿ ಸಹಿ ಹಾಕಿದರು. ಅವರಲ್ಲಿ ಮೊದಲನೆಯವರು, ಅಂದು ದನಿ ನಡುಗಿಸಿ ಮಾತಾಡಿದ ಅದೇ ಪೋಷಕರು.

ನಾನೂರಕ್ಕೆ ಹನ್ನೊಂದು ಸಾಟಿಯಲ್ಲ. ಪುರಸಭೆ ತೀರ್ಮಾನ ಮಾಡುವುದಕ್ಕೆ ಮೊದಲೇ, ಜಗಳ ಬೇಡವೆಂದು ಮನೆಯವರು ಕರಾರನ್ನು ಬಿಟ್ಟುಕೊಟ್ಟರು. ಸುಣ್ಣ ಬಳಿದ ಆ ಮನೆ ಈಗ ರಸಗೊಬ್ಬರದ ಗೋದಾಮು. ಲಾರಿಗಳು ಶಾಲೆಯ ಗೇಟಿಗೆ ಅಡ್ಡವಾಗಿ ನಿಲ್ಲುತ್ತವೆ; ಅದರ ಬಗ್ಗೆ ಒಂದು ಮನವಿ ಬರೆಯಬೇಕೆಂದು ಹೋದ ತಿಂಗಳು ಕೇಳಿದರು, ಬರೆದುಕೊಟ್ಟೆ.

ಆ ಹುಡುಗಿ ಈಗ ಅಂತಿಮ ವರ್ಷದಲ್ಲಿದ್ದಾಳೆ. ತಿಂಗಳಿಗೊಂದು ಸೋಮವಾರ ಅವಳ ಹಾಜರಿ ತಪ್ಪುತ್ತದೆ. ತಂದೆಯನ್ನು ಬೆಳಗಿನ ಬಸ್ಸಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವ ದಿನ ಅದು. ಐದು ತಿಂಗಳಾಯಿತಂತೆ. ಮೊನ್ನೆ ಅವಳ ಗೈರುಹಾಜರಿಯ ಅರ್ಜಿ ನನ್ನ ಮೇಜಿಗೆ ಬಂತು. ಕಾರಣದ ಜಾಗದಲ್ಲಿ "ತಂದೆಯವರ ಚಿಕಿತ್ಸೆ" ಎಂದು ಎರಡೇ ಪದ ಬರೆದಿದ್ದಳು. ತಿದ್ದಬೇಕಾದದ್ದು ಅದರಲ್ಲಿ ಏನೂ ಇರಲಿಲ್ಲ. ಸಹಿ ಹಾಕಿ ಕಳುಹಿಸಿದೆ.